ಹಸಿರು ಇಂಜಿನ್ ಬಿದ್ದ ಜಾಗ

ಅತ್ತಿಗೆ ಇಸ್ತ್ರಿ ಮಾಡುವಾಗ ಯಾರೂ ಮಾತಾಡಿಸಬಾರದು ಎನ್ನುವುದು ಆ ಮನೆಯ ಕಾನೂನು. ಅವತ್ತು ಬೆಳಿಗ್ಗೆ ದರ್ಜಿ ಮಾಮ ಬಾಗಿಲು ಕೂಡ ತಟ್ಟದೆ ಒಳಗೆ ಬಂದು, ಮಡಿಸಿಟ್ಟ ಬಟ್ಟೆಗಳ ಪಕ್ಕದಲ್ಲೇ ಕುಸಿದು ಕೂತರು.

"ತಾಯೀ, ನಿಮ್ಮ ಮಾವ ಮಾಡಿದ ಪುಟ್ಟ ರೈಲು ಇಂಜಿನ್ ಮುರಿದು ಬಿದ್ದಿದೆ. ಹೊಟ್ಟೆಕಿಚ್ಚಿಗೆ ನಾನೇ ಕೆಡವಿದೆ ಅಂತಿದಾರೆ."

ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಪ್ಲಗ್ ಕಿತ್ತರು. ಪುಟ್ಟಿ ಓಡಿಹೋಗಿ ನೀರು ತಂದಳು. ಬೆಳಿಗ್ಗೆ ಮೂಗು ಕೆಂಪಗೆ ಮಾಡಿಕೊಂಡು ಬಂದ ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡದ್ದು ಏಕೆಂದು ಅವಳಿಗೆ ಈಗ ಗೊತ್ತಾಯಿತು.

ಅತ್ತಿಗೆಯ ಕೆಲಸ ವಿಮಾ ಕಂಪನಿಯಲ್ಲಿ. ಒಡೆದ ಟಿವಿ, ಸುಟ್ಟ ಸೋಫಾ, 'ತಾನಾಗಿಯೇ' ಮಗುಚಿದ ಬೀರು, ಇವುಗಳ ಮುಂದೆ ಮಂಡಿಯೂರಿ ಕೂತು ಅವು ನಿಜವಾಗಿ ಹೇಗೆ ಕೆಟ್ಟವು ಎಂದು ಕಂಡುಹಿಡಿಯುವುದು. ಹಾಗಾಗಿ ಆ ಕಟ್ಟಡದಲ್ಲಿ ಏನು ಕಳೆದರೂ, ಏನು ಒಡೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು. ಜೊತೆಗೆ ಹೋಗುತ್ತಿದ್ದವಳು ಗಂಡನ ತಂಗಿ ಪುಟ್ಟಿ. ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿ ವರ್ಷಗಳಾಗಿದ್ದರೂ ಎಲ್ಲರ ಬಾಯಲ್ಲೂ ಅವಳು ಪುಟ್ಟಿಯೇ. ಅತ್ತಿಗೆ ನೋಡುವವರು, ಪುಟ್ಟಿ ಹಿಡಿದುಕೊಳ್ಳುವವಳು. ಟಾರ್ಚು, ಚೀಲ, ಕೆಲವೊಮ್ಮೆ ಅಳುವವರ ಕೈ.

"ಬೇರೆಯವರು ಏನಾದ್ರೂ ಅಂದ್ಕೊಳ್ಳಲಿ," ಎಂದರು ದರ್ಜಿ ಮಾಮ. "ನಿಮ್ಮ ಮಾವ ಒಂದು ಮಾತು ಆಡಬಾರದಾ? 'ನನ್ನ ಗೆಳೆಯ ಅಂಥವನಲ್ಲ' ಅಂತ ಒಂದೇ ಒಂದು ಮಾತು! ತಲೆ ತಗ್ಗಿಸ್ಕೊಂಡು ಹೊರಟುಹೋದ. ಮಧ್ಯಾಹ್ನ ಪ್ರದರ್ಶನಕ್ಕೆ ಮುಂಚೆ ನನ್ನನ್ನ ಮಾದರಿ ರೈಲು ಸಂಘದಿಂದ ತೆಗೀತಾರಂತೆ. ತೆಗೀಲಿ. ಆದ್ರೆ ಇನ್ಮೇಲೆ ಅವನ ಮುಖ ಹೇಗೆ ನೋಡ್ಲಿ?"

"ನಿಮ್ಮ ಮೇಲೇ ಯಾಕೆ ಅನುಮಾನ, ಮಾಮ?"

"ಸಂಘದ ಕೋಣೆಗೆ ಬೀಗದ ಕೈ ಇರೋದು ಎರಡೇ. ಒಂದು ಡ್ರಾಯಿಂಗ್ ಮೇಷ್ಟ್ರ ಹತ್ರ, ಇನ್ನೊಂದು ನನ್ನ ಹತ್ರ. ಮತ್ತೆ... ನಿನ್ನೆ ಎಲ್ಲರ ಎದುರಿಗೆ ಬಾಯಿ ಜಾರಿದೆ. ಎರಡು ವರ್ಷದಿಂದ ಕರೆದ ಕಡೆ ಬರಲ್ಲ ಇವನು. ಆ ಸಿಟ್ಟಿಗೆ 'ನಿನ್ನ ಇಂಜಿನ್ ನೆಲ ಕಚ್ಚಲಿ' ಅಂದೆ. ನಾಲಿಗೆಗೆ ಬೆಂಕಿ ಹಾಕ!"

ಎರಡು ವರ್ಷದ ಲೆಕ್ಕ ಪುಟ್ಟಿಗೆ ಚೆನ್ನಾಗಿ ಗೊತ್ತಿತ್ತು. ನಿವೃತ್ತಿಯ ಮರುವಾರವೇ ಅಪ್ಪ ಆ ಕಿಟ್ ತರಿಸಿದ್ದರು. ಪೆಟ್ಟಿಗೆ ತುಂಬ ಹಿತ್ತಾಳೆಯ ತಗಡು, ಚಕ್ರ, ಕೂದಲಿನಂಥ ಕೊಳವೆಗಳು. ಎಲ್ಲ ಸೇರಿದರೆ ಉಗಿ ಇಂಜಿನ್ನಿನ ತೋಳುದ್ದದ ಮಾದರಿ, ಓಡುವುದು ಮಾತ್ರ ಕರೆಂಟಿನಲ್ಲಿ. ಒಂದೊಂದು ತುಂಡನ್ನೂ ಅರದಿಂದ ಉಜ್ಜಿ, ಬೆಸೆದು, ತಪ್ಪಾದರೆ ಬಿಚ್ಚಿ ಮತ್ತೆ ಬೆಸೆದರು. ಬಣ್ಣವಾದ ಮೇಲೆ ಕಿಟಕಿಗಳಿಗೆ ಗಾಜಿನಂಥ ಪ್ಲಾಸ್ಟಿಕ್ ಅಂಟಿಸಿದ ದಿನ ಮನೆಮಂದಿಯೆಲ್ಲ ನೆಲದ ಮೇಲೆ ಕೂತು ಉಂಡಿದ್ದರು. ಊಟದ ಮೇಜಿನ ಮೇಲೆ ಅಂಟು ನಿಧಾನವಾಗಿ ಒಣಗುತ್ತಿತ್ತು. "ಫಟ್ಟಂತ ಅಂಟೋ ಗಮ್ ಸಿಗುತ್ತಲ್ಲಪ್ಪ," ಎಂದು ಪುಟ್ಟಿ ಅಂದದ್ದಕ್ಕೆ ಅಪ್ಪ, "ಆ ಪೀಡೆ ಈ ಮನೆ ಹೊಸಿಲು ದಾಟಕೂಡದು," ಎಂದಿದ್ದರು.

"ನೀವು ಆ ಇಂಜಿನ್‌ನ ಕೊನೇ ಸಲ ಮುಟ್ಟಿದ್ದು ಯಾವಾಗ?" ಎಂದು ಅತ್ತಿಗೆ ಕೇಳಿದರು.

ದರ್ಜಿ ಮಾಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ತಿಂಗಳಾಯ್ತು. ಹಗುರ ಇದ್ರೆ ಏರಲ್ಲಿ ಚಕ್ರ ನಿಂತಲ್ಲೇ ತಿರುಗುತ್ತೆ ಅಂತ ಕೊರಗ್ತಿದ್ದ. ಪರದೆ ನೆಟ್ಟಗೆ ನಿಲ್ಲಲಿ ಅಂತ ಅಂಚಿಗೆ ಸೀಸದ ಗುಂಡು ಹೊಲೀತೀವಲ್ಲ, ಅದನ್ನೇ ಚೀಲ ಮಾಡಿ ಹೊಲಿದುಕೊಟ್ಟೆ. ಬಾಯ್ಲರ್ ಒಳಗೆ ತುರುಕಿಕೊಂಡ. ಹಲ್ಲಿನ ಡಾಕ್ಟರು ನಕಲು ಮಾಡ್ತಾರೆ, ಯಾರಿಗೂ ಹೇಳ್ಬೇಡ ಅಂದಿದ್ದ."

"ಸರಿ, ನಡೀರಿ," ಎಂದರು ಅತ್ತಿಗೆ. "ಪುಟ್ಟಿ, ಟಾರ್ಚ್ ತಗೋ."

ಮಾಮನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯೇ ಸಂಘದ ಜಾಗ. ಉದ್ದನೆಯ ಮೇಜು, ಅದರ ಮೇಲೆ ಹಳಿ. ಮೂಲೆಯಲ್ಲಿ ತಟ್ಟಿ ಕಟ್ಟಿ ಬಣ್ಣ ಹೊಡೆಯಲು ಮಾಡಿದ ಪುಟ್ಟ ಜಾಗ, ಅದರ ಪಕ್ಕ ಕೈ ತೊಳೆಯುವ ತೊಟ್ಟಿ. ಡ್ರಾಯಿಂಗ್ ಮೇಷ್ಟ್ರು ಸಂಘದ ಕಾರ್ಯದರ್ಶಿ. ತೆಳ್ಳಗೆ, ಮೃದುವಾಗಿ, ಮಾತಿಗೊಮ್ಮೆ ಕ್ಷಮಿಸಿ ಎನ್ನುವವರು. ಹಲ್ಲಿನ ಡಾಕ್ಟರು ಅವರಿಗೆ ತದ್ವಿರುದ್ಧ. ಅವರ ದನಿಗೇ ಅರ್ಧ ಹಲ್ಲು ಉದುರುತ್ತವೆ ಎಂದು ಬೀದಿಯ ಜನ ಆಡಿಕೊಳ್ಳುತ್ತಿದ್ದರು. ಈಗ ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

"ಬಂದ್ರಾ ಪತ್ತೇದಾರಮ್ಮ! ಇದರಲ್ಲಿ ಪತ್ತೆ ಮಾಡೋಕೇನಿದೆ? ಕೀಲಿ ಇಟ್ಕೊಂಡೋನೇ ಕಳ್ಳ!"

"ಸೊಂಟಕ್ಕೆ ಏನಾಯ್ತು ಡಾಕ್ಟ್ರೇ?"

"ನನ್ನ ಇಂಜಿನ್ ಪೆಟ್ಟಿಗೆಗೆ ಇಳಿಸುವಾಗ ಹಿಡ್ಕೊಂಡ್ತು. ಹೋದ ವಾರ ಇದನ್ನೇ ಕಂಕುಳಲ್ಲಿ ಇಟ್ಕೊಂಡು ಬಂದಿದ್ದೆ. ವಯಸ್ಸಾಯ್ತು ನೋಡಿ!" ಡಾಕ್ಟರು ನೋವು ಮರೆತು ಪೆಟ್ಟಿಗೆಯ ಮುಚ್ಚಳ ತೆಗೆದರು. "ಆದ್ರೆ ಕಿಟಕಿ ನೋಡಿ, ಥೇಟ್ ಕನ್ನಡಿ! ನಾನೇನಾ ಇಷ್ಟು ಚೆನ್ನಾಗಿ ಕೂರಿಸಿದ್ದು ಅಂತ ನನಗೇ ಆಶ್ಚರ್ಯ."

ಅಪ್ಪನ ಕಿಟ್ ನೋಡಿ ಆಸೆಪಟ್ಟು ಡಾಕ್ಟರೂ ಅದನ್ನೇ ತರಿಸಿದ್ದರು. ಎರಡಕ್ಕೂ ಮೇಷ್ಟ್ರೇ ಒಂದೇ ಡಬ್ಬಿಯ ಹಸಿರು ಬಣ್ಣ ಹೊಡೆದುಕೊಟ್ಟಿದ್ದರು. ಕಂಡುಹಿಡಿಯಲು ಇದ್ದದ್ದು ನಂಬರ್ ಫಲಕ ಮಾತ್ರ. ಅಪ್ಪನದು ಏಳು, ಡಾಕ್ಟರದು ಹನ್ನೊಂದು.

"ಫಲಕ ಅಂಟಿಸಿದ್ದು ಯಾರು?"

"ನಾನೇ," ಎಂದರು ಮೇಷ್ಟ್ರು. "ನಾನೇ ಬರೆದು, ವಾರ್ನಿಷ್ ಹನಿ ಹಾಕಿ ಕೂರಿಸಿದ್ದು. ಹೋದ ವಾರವೇ. ಕ್ಷಮಿಸಿ, ಇಂಜಿನ್ ಇಲ್ಲಿದೆ. ಮೇಜಿನ ಕೆಳಗೆ. ಬಿದ್ದ ಹಾಗೇ ಇದೆ, ಯಾರೂ ಮುಟ್ಟಿಲ್ಲ."

ಅತ್ತಿಗೆ ಮಂಡಿಯೂರಿ ನೆಲದ ಮೇಲೆ ಅಂಗೈ ಆಡಿಸಿದರು. ನುಣುಪಾದ ಸಿಮೆಂಟು. "ಪುಟ್ಟಿ, ಅದನ್ನ ಎತ್ತು. ಬೆಳಕು ಬಿಡು."

ಪುಟ್ಟಿ ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದರಲ್ಲಿ ಇಂಜಿನ್ ಎತ್ತಿದಳು. ಹೊಗೆಕೊಳವೆ ಕಿತ್ತುಬಂದಿತ್ತು, ಮುಂದೆ ಡಿಕ್ಕಿ ತಡೆಯುವ ಬಫರು ಸೊಟ್ಟಗಾಗಿತ್ತು. ಚಾಲಕನ ಕೋಣೆಯ ಪಕ್ಕಕ್ಕೆ ಉದ್ದಕ್ಕೂ ಒಂದು ಗೀರು. ಅದರ ನಡುವೆ ಏಳು ಎಂಬ ಫಲಕ ಹೊಸ ಗುಂಡಿಯ ಹಾಗೆ ಹೊಳೆಯುತ್ತಿತ್ತು. ಕಿಟಕಿಗಳ ಮೇಲೆ ಉಸಿರು ಊದಿದಂಥ ಬಿಳಿ ಮಸುಕು. ಅವಳು ಬೆರಳಿನಿಂದ ಒರೆಸಿದಳು. ಹೋಗಲಿಲ್ಲ, ಮಸುಕು ಒಳಗಡೆ ಇತ್ತು.

ಅತ್ತಿಗೆ ಫಲಕದ ಅಂಚನ್ನು ಉಗುರಿನಿಂದ ಒತ್ತಿದರು. ಅದು ಕೂದಲೆಳೆಯಷ್ಟು ಜರುಗಿತು.

"ಕೈ ನೋಯ್ತಿದೆಯಾ ಪುಟ್ಟಿ?"

"ಇಲ್ಲ ಅತ್ತಿಗೆ. ಯಾಕೆ?"

"ಸುಮ್ನೆ ಕೇಳಿದೆ."

ಆಮೇಲೆ ಅವರು ಕೈ ತೊಳೆಯಲು ಮೂಲೆಗೆ ಹೋದರು. ಜಾರಿದ ಸೋಪು ಹುಡುಕುವ ನೆಪದಲ್ಲಿ ಬಗ್ಗಿ ಬಹಳ ಹೊತ್ತು ನೆಲ ನೋಡಿದರು. ಎದ್ದಾಗ ಅವರ ಮುಖದಲ್ಲಿ ಪುಟ್ಟಿಗೆ ಗೊತ್ತಿದ್ದ ಆ ಕಳೆ ಇತ್ತು. ಹಟಮಾರಿ ಕಲೆ ಕೊನೆಗೂ ಬಿಟ್ಟಾಗ ಬರುವ ಕಳೆ.

"ಹೋಗಿ ಅಪ್ಪನ್ನ ಕರ್ಕೊಂಡು ಬಾ."

ಅಪ್ಪ ಗೋಡೆಗೆ ಮುಖಮಾಡಿ ಕೂತಿದ್ದರು. "ನಾನು ಬರಲ್ಲ ಪುಟ್ಟಿ. ಅದನ್ನ ಇನ್ನೊಂದು ಸಲ ನೋಡೋ ಶಕ್ತಿ ಇಲ್ಲ. ಬೆಳಿಗ್ಗೆ ಬಾಗಿಲಿಂದಲೇ ನೋಡಿ ಬಂದುಬಿಟ್ಟೆ."

"ಇಂಜಿನ್ ನೋಡ್ಬೇಡಿ. ಮಾಮನ ಮುಖ ನೋಡಿ ಬನ್ನಿ. ತಂದುಕೊಟ್ಟ ನೀರನ್ನೂ ಮುಟ್ಟಿಲ್ಲ ಅವರು."

ಅಪ್ಪ ಎದ್ದು ಚಪ್ಪಲಿ ಹುಡುಕಿದರು.

ಸಂಘದ ಕೋಣೆಯಲ್ಲಿ ಎಲ್ಲರೂ ಮೇಜಿನ ಸುತ್ತ ನಿಂತರು. ಅಪ್ಪ ಒಂದು ತುದಿಗೆ, ದರ್ಜಿ ಮಾಮ ಇನ್ನೊಂದು ತುದಿಗೆ. ಅತ್ತಿಗೆ ಎರಡೂ ಇಂಜಿನ್‌ಗಳನ್ನು ಅಕ್ಕಪಕ್ಕ ಇಡಿಸಿದರು.

"ಡಾಕ್ಟ್ರೇ, ನೀವು ಕಿಟಕಿಗೆ ಯಾವ ಅಂಟು ಹಾಕಿದ್ರಿ?"

"ಫಟ್ಟಂತ ಅಂಟೋದು. ನನಗೆಲ್ಲಿದೆ ಪುರುಸೊತ್ತು? ಬಾಯಿ ತೆರ್ಕೊಂಡು ಜನ ಕಾಯ್ತಿರ್ತಾರೆ."

"ಮಾವ, ಆ ಅಂಟನ್ನ ನೀವು ಮನೆಗೆ ಯಾಕೆ ಬಿಡಲಿಲ್ಲ?"

"ಅದರ ಆವಿ ತಾಗಿದ್ರೆ ಪ್ಲಾಸ್ಟಿಕ್ ಮಸುಕಾಗುತ್ತಮ್ಮ," ಎಂದರು ಅಪ್ಪ ಕ್ಷೀಣವಾಗಿ. "ಒಳಗಡೆ ಬಿಳಿ ಕೂತ್ಕೊಳ್ಳುತ್ತೆ. ಮತ್ತೆ ಹೋಗಲ್ಲ."

"ಮುರಿದಿರೋ ಇಂಜಿನ್ ಕಿಟಕಿ ನೋಡಿ."

ಅಪ್ಪ ಮೊದಲ ಸಲ ತಲೆಯೆತ್ತಿದರು. ನೋಡಿದರು. ಹತ್ತಿರ ಬಂದು ಮತ್ತೆ ನೋಡಿದರು. "ಇದು... ಇದು ನಾನು ಹಾಕಿದ ಗಾಜಲ್ಲ!"

"ಅಲ್ಲ. ಪುಟ್ಟಿ ಇದನ್ನ ಒಂದೇ ಕೈಯಲ್ಲಿ ಎತ್ತಿದ್ಲು. ಇನ್ನೊಂದನ್ನ ಎತ್ತಿ ಡಾಕ್ಟ್ರಿಗೆ ಸೊಂಟ ಹಿಡೀತು. ಅವರ ಇಂಜಿನ್ ಒಂದು ವಾರದಲ್ಲಿ ಮೈ ತುಂಬ್ಕೊಳ್ತಾ? ಮಾಮ, ಹನ್ನೊಂದನೇ ನಂಬರಿನ ಬಾಯ್ಲರ್ ಮುಂದಿನ ಬಾಗಿಲು ತೆಗೀರಿ."

ದರ್ಜಿ ಮಾಮ ದುಂಡು ಬಾಗಿಲು ತಿರುಗಿಸಿ ಒಳಗೆ ಎರಡು ಬೆರಳು ಹಾಕಿದರು. ಬೂದುಬಣ್ಣದ ಒಂದು ಬಟ್ಟೆಚೀಲ ಹೊರಬಂತು, ಭಾರಕ್ಕೆ ಜೋತಾಡುತ್ತ, ಅಂಚಿಗೆ ಎರಡು ಸಾಲು ಹೊಲಿಗೆಯೊಂದಿಗೆ.

"ನನ್ನ ಹೊಲಿಗೆ!" ಎಂದು ಅವರು ಕೂಗಿದರು. "ಇದು ನನ್ನ ಹೊಲಿಗೆ!"

"ಹಾಗಾದ್ರೆ ಮುರಿದಿರೋದು ನಂದಾ?" ಡಾಕ್ಟರ ಗರ್ಜನೆಗೆ ಮೇಜಿನ ಮೇಲಿನ ತಿರುಪುಗಳು ಅಲುಗಿದವು. "ಯಾವನವನು? ನಾನೇ ಅದಲುಬದಲು ಮಾಡ್ದೆ ಅಂತೀರಾ?"

"ನೀವು ಮಾಡಿದ್ರೆ ಸೊಂಟದ ಕತೆ ಹೇಳ್ತಿರಲಿಲ್ಲ. ಕೀಲಿಯೂ ನಿಮ್ಮ ಹತ್ರ ಇಲ್ಲ," ಎಂದರು ಅತ್ತಿಗೆ. "ಈ ಗೀರು ನೋಡಿ. ಫಲಕದ ಎಡಕ್ಕೂ ಇದೆ, ಬಲಕ್ಕೂ ಇದೆ. ಫಲಕದ ಮೇಲೆ ಮಾತ್ರ ಇಲ್ಲ." ಉಗುರಿನಿಂದ ಫಲಕವನ್ನು ಎಬ್ಬಿಸಿದರು. ಅದರ ಅಡಿಯಲ್ಲೂ ಗೀರು ಮುಂದುವರಿದಿತ್ತು. "ಅಂದ್ರೆ ಇಂಜಿನ್ ಬಿದ್ದ ಮೇಲೆ ಅಂಟಿಸಿದ್ದು. ವಾರ್ನಿಷ್ ಇನ್ನೂ ಹಸಿ ಇದೆ. ಹೋದ ವಾರ ಅಂಟಿಸಿದ್ದಾದ್ರೆ ಜರುಗ್ತಿರಲಿಲ್ಲ. ಇನ್ನು ಬಿದ್ದ ಜಾಗ. ಇಷ್ಟು ಜೋರಾಗಿ ಹಿತ್ತಾಳೆ ಬಿದ್ರೂ ಮೇಜಿನ ಕೆಳಗಿನ ಸಿಮೆಂಟಿಗೆ ಒಂದು ಗಾಯ ಇಲ್ಲ. ಬಣ್ಣದ ಮೂಲೆಯಲ್ಲಿ ಒಂದು ಟೈಲ್ಸ್ ಸಿಡಿದಿದೆ. ಸಿಡಿದ ಕಡೆ ಹಸಿರು ಮೆತ್ತಿದೆ. ಆ ಮೂಲೆಯಲ್ಲಿ ಕೆಲಸ ಮಾಡೋರು ಒಬ್ಬರೇ. ಕೀಲಿ, ಫಲಕ, ವಾರ್ನಿಷ್ ಮೂರೂ ಇರೋದು ಅವರ ಹತ್ರ."

ಡ್ರಾಯಿಂಗ್ ಮೇಷ್ಟ್ರು ತಮ್ಮ ಹಸಿರು ಮೆತ್ತಿದ ಬೆರಳುಗಳನ್ನು ನೋಡುತ್ತ ಸ್ಟೂಲಿನ ಮೇಲೆ ಕೂತರು.

"ನಿನ್ನೆ ಎಲ್ಲರೂ ಹೋದ ಮೇಲೆ ಡಾಕ್ಟ್ರ ಇಂಜಿನ್‌ಗೆ ಇನ್ನೊಂದು ಕೈ ವಾರ್ನಿಷ್ ಹೊಡೆಯೋಣ ಅಂತ ಫಲಕ ಕಿತ್ತಿಟ್ಟು ತಗೊಂಡೆ. ಹಗುರ ಇತ್ತಲ್ಲ, ಒಂದೇ ಕೈಯಲ್ಲಿ. ಜಾರ್ತು." ಅವರ ದನಿ ಒಡೆಯಿತು. "ಡಾಕ್ಟ್ರು ಬೀದಿಗೆಲ್ಲ ಕೇಳೋ ಹಾಗೆ ಬೈತಾರೆ. ನಿಮ್ಮ ಮಾವ, ರಾಯರಾದ್ರೆ... ರಾಯರು ಬೈಯೋದಿಲ್ಲ. ಸುಮ್ಮನೆ ನುಂಗ್ಕೋತಾರೆ ಅಂತ ಫಲಕ ಬದಲಾಯಿಸ್ದೆ."

"ಮೆತ್ತಗಿದ್ದೋರಿಗೆ ಮತ್ತೊಂದು ಗುದ್ದು," ಎಂದರು ಅತ್ತಿಗೆ.

ಆಗ ಪುಟ್ಟಿ ಹುಟ್ಟಿದಾಗಿನಿಂದ ಕೇಳಿರದ ಒಂದು ದನಿ ಕೇಳಿತು. ಅದು ಅಪ್ಪನದು.

"ಇಂಜಿನ್ ಹಾಳಾಗಿ ಹೋಗ್ಲಿ ಮೇಷ್ಟ್ರೇ! ಇನ್ನೊಂದು ಎರಡು ವರ್ಷ ಉಜ್ಜಿ ಕಟ್ತಿದ್ದೆ! ಇವನ ಮೇಲೆ ಹಾಕಿದ್ರಲ್ಲ, ಇವನ ಮೇಲೆ! ಬಾಯಿ ಬಿಡೋಕೆ ನಿಮಗೇನಾಗಿತ್ತು?" ಅಷ್ಟರಲ್ಲಿ ಅವರಿಗೆ ಏನೋ ಹೊಳೆದಂತಾಗಿ ದನಿ ಇಳಿಯಿತು. ದರ್ಜಿ ಮಾಮನ ಕಡೆ ತಿರುಗಿದರು. "ನನಗೇನಾಗಿತ್ತು? ನಾನೂ ಸುಮ್ಮನೆ ನಿಂತಿದ್ದೆನಲ್ಲೋ. ನಿನ್ನ ಪರವಾಗಿ ಒಂದು ಮಾತಾಡದೆ."

"ಈಗ ಆಡಿದ್ಯಲ್ಲ," ಎಂದರು ದರ್ಜಿ ಮಾಮ, ಕಣ್ಣೊರೆಸಿಕೊಳ್ಳುತ್ತ. "ಮೂವತ್ತು ವರ್ಷದ್ದು ಒಂದೇ ಸಲ ಆಡ್ಬಿಟ್ಟಿದೀಯ. ಕಿವಿ ಗುಂಯ್ ಅಂತಿದೆ."

ಡಾಕ್ಟರು ತಮ್ಮ ಇಂಜಿನ್ನಿನ ಕಿತ್ತುಬಂದ ಹೊಗೆಕೊಳವೆಯನ್ನು ಕೈಗೆತ್ತಿಕೊಂಡರು. "ನಾನು ಅಷ್ಟು ಭಯಂಕರನಾ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರು ಬೆರಳಿನ ಬಣ್ಣ ಉಜ್ಜತೊಡಗಿದರು. ಪುಟ್ಟಿಗೆ ತಡೆಯಲಾಗಲಿಲ್ಲ. "ಹೌದು ಡಾಕ್ಟ್ರೇ. ನಾನು ಹಲ್ಲುನೋವು ಬಂದ್ರೆ ಪಕ್ಕದ ಬೀದಿಗೆ ಹೋಗ್ತೀನಿ."

ಡಾಕ್ಟರು ಹೊಟ್ಟೆ ಕುಣಿಸಿಕೊಂಡು ನಕ್ಕುಬಿಟ್ಟರು. "ಸರಿ. ಇದನ್ನ ನಾನೂ ಮೇಷ್ಟ್ರೂ ಕೂತು ರಿಪೇರಿ ಮಾಡ್ತೀವಿ. ಬೈಯಲ್ಲ. ಬೈಯದಿರೋಕೆ ಪ್ರಯತ್ನ ಮಾಡ್ತೀನಿ. ಆದ್ರೆ ನನ್ನ ಬೋಗಿಗಳಿಗೆ ಈಗ ಇಂಜಿನ್ ಇಲ್ಲವಲ್ಲಾ!"

"ನನ್ನ ಹಿಂದೆ ಕಟ್ಟಿ," ಎಂದರು ಅಪ್ಪ.

ಮಧ್ಯಾಹ್ನ ಪ್ರದರ್ಶನದ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ದೊಡ್ಡ ಹಳಿ, ಕೊನೆಗೊಂದು ಕಡಿದಾದ ಏರು. ಬೇರೆ ಸಂಘಗಳ ಇಂಜಿನ್‌ಗಳು ನಾಲ್ಕೈದು ಬೋಗಿ ಎಳೆದು, ಏರಿನ ನಡುವೆ ಚಕ್ರ ಗಿರ್ರೆನ್ನಿಸುತ್ತ ನಿಂತುಬಿಟ್ಟಿದ್ದವು. ತನ್ನ ಫಲಕ, ಸೀಸದ ಚೀಲ ಎರಡನ್ನೂ ಮರಳಿ ಪಡೆದ ಏಳನೇ ನಂಬರಿನ ಹಿಂದೆ ಅಪ್ಪನ ಬೋಗಿಗಳು, ಡಾಕ್ಟರ ಬೋಗಿಗಳು, ಮೇಷ್ಟ್ರ ಸರಕು ಡಬ್ಬಿಗಳು ಎಲ್ಲ ಸೇರಿ ರೈಲಿನ ಬಾಲವೇ ಕಾಣುತ್ತಿರಲಿಲ್ಲ. ವೇಗದ ಗುಂಡಿ ತಿರುಗಿಸಲು ಅಪ್ಪ ದರ್ಜಿ ಮಾಮನ ಕೈ ಹಿಡಿದೆಳೆದರು.

"ನನಗೆ ಬರಲ್ಲೋ!"

"ಹೊಲಿಗೆ ಯಂತ್ರ ತುಳಿಯಲ್ವಾ? ಹಾಗೇ. ಮೆಲ್ಲಗೆ ಶುರು ಮಾಡು."

ಹಸಿರು ಇಂಜಿನ್ ಹೊರಟಿತು. ತಿರುವು ದಾಟಿತು. ಏರಿನ ಬುಡಕ್ಕೆ ಬಂತು. ಪುಟ್ಟಿ ಅತ್ತಿಗೆಯ ತೋಳನ್ನು ಹಿಂಡಿದಳು. ಇಂಜಿನ್ ಒಮ್ಮೆ ತಡೆಯಿತು, ಹಳಿಯನ್ನು ಕಚ್ಚಿ ಹಿಡಿಯಿತು, ಒಂದೊಂದೇ ಬೋಗಿಯನ್ನು ಮೇಲೆಳೆದುಕೊಳ್ಳುತ್ತ ನೆತ್ತಿ ಮುಟ್ಟಿತು. ಕೊನೆಯ ಡಬ್ಬಿ ಏರು ದಾಟಿದಾಗ ಎದ್ದ ಚಪ್ಪಾಳೆಯಲ್ಲಿ ಡಾಕ್ಟರ ದನಿಯೂ ಕೇಳಿಸಲಿಲ್ಲ.

ಮೊದಲ ಬಹುಮಾನದ ಪತ್ರ ಹಿಡಿದ ತೀರ್ಪುಗಾರ ಪೆನ್ನಿನ ಮುಚ್ಚಳ ತೆಗೆದ. "ಕಟ್ಟಿದವರು ಯಾರು ಅಂತ ಬರೀಲಿ?"

"ಇಬ್ಬರು ಅಂತ ಬರೀರಿ," ಎಂದರು ಅಪ್ಪ.

"ಹೊಲಿಗೆ ನಂದು, ಹಟ ಇವನದು," ಎಂದರು ದರ್ಜಿ ಮಾಮ, ಗುಂಡಿಯಿಂದ ಕೈ ತೆಗೆಯದೆ. "ಸ್ವಲ್ಪ ಆ ಕಡೆ ಸರೀರಿ ಸ್ವಾಮಿ, ಇನ್ನೊಂದು ಸುತ್ತು ಬರ್ತಾ ಇದೆ."