ಲೇಥಿನ ಕೊರಳಲ್ಲಿದ್ದ ಕೂದಲಗಂಟು

“ಮುರದು ಗುಜರಿಗೆ ಹಾಕ್ತೀನಂದ್ರಷ್ಟ ಒಯ್ರಿ, ಸಾವಕಾರ್ರ. ನಡಸಾಕಂದ್ರ ಬ್ಯಾಡ್ರಿ.”

ಅಕ್ಕಲಕೋಟೆಯ ಮುದುಕ ಮಲಕಾಜಪ್ಪ ಕಬ್ಬಿಣ ಕಡೆಯುವ ತನ್ನ ತುಕ್ಕು ಹಿಡಿದ ಲೇಥಿನ ಕಡೆ ಕಣ್ಣೆತ್ತದೆ ಹೇಳಿದ. ಕಬ್ಬಿಣವನ್ನು ಕಚ್ಚಿ ತಿರುಗುವ ಚಕ್, ಅದರ ಹಿಂದಿನ ಕೊರಳಲ್ಲಿ ಕಪ್ಪು ದಾರ ಸುತ್ತಿದ ಕೂದಲಗಂಟು. ಒಂದು ಖಂಡೇನವಮಿಯಂದು, ಆಯುಧಪೂಜೆಯ ದಿನವೂ, ಕೆಲಸದ ಅವಸರಕ್ಕೆ ಅವನು ಯಂತ್ರ ನಿಲ್ಲಿಸಿರಲಿಲ್ಲ. ಕುಂಕುಮ ಹಚ್ಚಲು ಬಾಗಿದ ಹೆಂಡತಿಯ ಜಡೆಯನ್ನು ಅದು ಎಳೆದುಕೊಂಡಿತ್ತು, ಜೀವವನ್ನೂ.

“ಆಕೀ ಅವ್ವ ಮಾಟ ಮಾಡಿಸ್ಯಾಳ್ರಿ. ಈ ಗಂಟು ಬಿಚ್ಚಿ ನಡಸಿದಾಂವನ ಮನಿಯಾಗೂ ಹಿಂಗ ಆಗ್ಲಿ ಅಂತ.”

ಲೇಥು ಕೊಳ್ಳಲು ಬಂದಿದ್ದ ಸಾತಲಿಂಗಪ್ಪ ನಕ್ಕುಬಿಟ್ಟ. “ಕೂದ್ಲಕ್ಕ ಅಂಜಿದ ಕಬ್ಬಿಣ ಎಲ್ಲೈತ್ರಿ, ಮಾಮಾ? ಆಗ್ಲಿ, ಗುಜರಿಗೇ ಹಾಕ್ತೀನಿ.”

ಹಸಿ ಸುಳ್ಳು! ಅಪ್ಪನ ಅರಿವೆಯಂಗಡಿಯ ಗಾದಿ ಅವನಿಗೆ ಸಾಕಾಗಿತ್ತು. ಸೊಲ್ಲಾಪುರದ ಮನೆಯ ಹಿತ್ತಲಲ್ಲೇ ಮಗ್ಗದ ಸಾಮಾನು ಕಡೆಯುವ ಹುಚ್ಚು ತಲೆಗೇರಿತ್ತು. ಮುದುಕ ಶಾಲಿನೊಳಗಿಂದ ಎಡಗೈ ಚಾಚಿ ಚಹಾ ಕೊಟ್ಟಾಗ, ರೀತಿ ರಿವಾಜು ಇಲ್ಲದ ಮನುಷ್ಯ ಎಂದುಕೊಂಡ, ಅಷ್ಟೆ.

ಲೇಥನ್ನು ಹಿತ್ತಲಿಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದ. ಉಪ್ಪುಕಾಗದ ಹಾಕಿ ಉಜ್ಜಿದ. ಗಂಟನ್ನು ಬ್ಲೇಡಿನಿಂದ ಕೊಯ್ದು ಒಲೆಗೆ ಎಸೆದ. ಸುಟ್ಟ ಕೂದಲಿನ ಕಮಟು ಆಮೇಲೆ ಮನೆ ಬಿಟ್ಟು ಹೋಗಲೇ ಇಲ್ಲ.

ಲೇಥು ಮಾತ್ರ ಎಷ್ಟು ಚಂದ ನಡೆಯಿತು! ಆದರೆ ಉಳಿಯ ಬಾಯಿಂದ ಹೊಳೆಯುವ ಕಬ್ಬಿಣದ ಸುರುಳಿಯ ಬದಲು ಕಪ್ಪಗೆ, ನೀಳವಾಗಿ, ಮೆತ್ತಗೆ ಏನೋ ಇಳಿಯುತ್ತಿತ್ತು. ಎಣ್ಣೆಯ ಜಿಡ್ಡಿರಬೇಕು ಎಂದುಕೊಂಡ. ಅಂದು ಸಂಜೆ ಹೆಂಡತಿ ನೀಲಾಬಾಯಿ ಬಾಚಣಿಗೆ ಹಿಡಿದು ಬಂದಳು.

“ಏನ್ರಿ, ನನ್ನ ಕೂದ್ಲ ಹಿಂಗ್ಯಾಕ ಉದರಾಕತ್ತಾವ?”

ಮರುದಿನ ಅವನು ಉಳಿ ತಾಗಿಸಿದ ಗಳಿಗೆಗೇ ಅಡುಗೆಮನೆಯಿಂದ ಅವಳ ಚೀರಾಟ ಕೇಳಿತು. ನಿಲ್ಲಿಸಿದ. ಅವಳೂ ಸುಮ್ಮನಾದಳು. ಸ್ವಿಚ್ಚಿಳಿಸಿ, ಲೇಥನ್ನು ತಿರುಗಿಸುವ ಬೆಲ್ಟು ಕಳಚಿ ಗೋಡೆಯ ಮೊಳೆಗೆ ತೂಗುಹಾಕಿದ. ಗುಜರಿಯವನಿಗೆ ಹೇಳಿ ಕಳಿಸಿದ. ಹೆಂಡತಿಗೆ ಮಾತ್ರ ನಾಚಿಕೆಗೆ ಏನನ್ನೂ ಹೇಳಲಿಲ್ಲ.

ಅಂದು ಖಂಡೇನವಮಿ. ಗುಜರಿಯವನು ಬರುವ ಮೊದಲೇ ನೀಲಾಬಾಯಿ ಆರತಿ ತಟ್ಟೆ ಹಿಡಿದು ಹಿತ್ತಲಿಗೆ ಬಂದಳು. “ಹಬ್ಬದ ದಿನ ಕುಂಕುಮ ಹಚ್ಚದ ಕಳಸಬಾರ್ದ್ರಿ.”

ಬೆಲ್ಟೇ ಇಲ್ಲವಲ್ಲ, ಹಚ್ಚಲಿ ಬಿಡು ಎಂದುಕೊಂಡ.

ಅವಳು ಬಾಗಿದಳು. ಜಡೆ ಭುಜದಿಂದ ಜಾರಿತು. ಸುಟ್ಟ ಕೂದಲಿನ ವಾಸನೆ ಗಪ್ಪನೆ ಎದ್ದಿತು. ಬೆಲ್ಟು ಮೊಳೆಗೆ ತೂಗುತ್ತಲೇ ಇತ್ತು. ಚಕ್ ತಿರುಗಿತು.

ಘರ್ರ್!

ತಟ್ಟೆ ಬಿತ್ತು. ದೀಪ ಆರಿತು. ಜಡೆ ಒಳಗೆ ಹೋಗುತ್ತಿತ್ತು. ಸುತ್ತು. ಮತ್ತೊಂದು ಸುತ್ತು. “ಯವ್ವಾ!” ಅವಳ ಕೆನ್ನೆ ಕಬ್ಬಿಣಕ್ಕೆ ಗೇಣು ದೂರ. ಅವನು ಬಲಗೈಯನ್ನೇ ಚಕ್ಕಿಗೆ ತುರುಕಿದ. ಎಲುಬು ಮುರಿಯಿತು. ಚಕ್ ತಡೆದು ನಿಂತಿತು. ಎಡಗೈಗೆ ತಗಡು ಕೊಯ್ಯುವ ಪತ್ರಾ ಕತ್ತರಿ ಸಿಕ್ಕಿತು. ಜಡೆಯನ್ನು ಕತ್ತರಿಸಿದ. ಅವಳು ಹಿಂದಕ್ಕೆ ಬಿದ್ದಳು, ಬದುಕಿದಳು. ಅವನ ಬಲಗೈ ಹೊರಗೆ ಬರಲಿಲ್ಲ.

ಅಂದು ಬಂದ ಗುಜರಿಯವನು ನೆತ್ತರು ಕಂಡು ಲೇಥು ಮುಟ್ಟದೆ ಹೋಗಿದ್ದ. ಗಾಯ ಮಾಯ್ದ ಮೇಲೆ ವಳಸಂಗದ ಹುಡುಗನೊಬ್ಬ ಲೇಥು ಕೇಳಲು ಬಂದ. ಸಾತಲಿಂಗಪ್ಪ ಶಾಲು ಹೊದ್ದು ಕೂತಿದ್ದ. ಚಕ್ಕಿನ ಹಿಂದೆ ನೀಲಾಬಾಯಿಯ ಜಡೆ, ಅದರದೇ ಕಪ್ಪು ಗೊಂಡೆದಾರದಲ್ಲಿ ಗಂಟಾಗಿ ಕೂತಿತ್ತು. ಯಾರೂ ಕಟ್ಟಿರಲಿಲ್ಲ.

“ಮುರದು ಗುಜರಿಗೆ ಹಾಕ್ತೀನಂದ್ರಷ್ಟ ಒಯ್ಯಪಾ,” ಎಂದು ಎಡಗೈಯಲ್ಲಿ ಚಹಾ ಚಾಚಿದ. ನಡೆದದ್ದನ್ನೆಲ್ಲ ಹೇಳಿದ. “ಮನಿಯಾಗ ಹೆಂಡ್ತಿ ಅದಾಳೇನು?”

“ಮೊನ್ನೇರ ಲಗ್ನ ಆಗೇತ್ರಿ ಮಾಮಾ,” ಎಂದು ಹುಡುಗ ನಕ್ಕುಬಿಟ್ಟ. “ಆಗ್ಲಿ, ಗುಜರಿಗೇ ಹಾಕ್ತೀನಿ.”