ಪಿನಾಂಗಿನಲ್ಲಿ ಬಸ್ ಹತ್ತದವಳು

"ನನ್ನ ಹೆಸರಿನ ಮುಂದೆ ಬಸ್ ಅಂತ ಬರೆದಿದ್ದು ಯಾರು?"

ಯಾತ್ರಾ ಸಂಘದ ಹಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮೇಜಿನ ಹಿಂದೆ ನಿಂತು ಪಟ್ಟಿ ಓದುತ್ತಿದ್ದ ಸೇತುರಾಮನ ಮಾತು ಅರ್ಧಕ್ಕೇ ನಿಂತಿತು.

"ನಾನೇ ಬರೆದೆ, ಮೇಡಂ..."

"ನನ್ನ ಕೇಳಿದ್ರಾ?"

ಕೇಳಿದವಳು ವಾರಿಜಾ. ಇಪ್ಪತ್ತೇಳು ವರ್ಷ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳದ ಮೇಡಂ. ಸೇತುರಾಮ ಹಡಗಿನ ಏಜೆಂಟರ ಕಚೇರಿಯವನು. ಪ್ರವಾಸದುದ್ದಕ್ಕೂ ಜೊತೆಗಿದ್ದು ಎಲ್ಲರನ್ನೂ ಸುರಕ್ಷಿತವಾಗಿ ವಾಪಸ್ ಕರೆತರುವುದು ಅವನ ಕೆಲಸ.

ಅದು ೧೯೬೨ರ ಏಪ್ರಿಲ್. ಜಯನಗರದಲ್ಲಿ ಅಶೋಕ ಕಂಬ ದಾಟಿದರೆ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಂಥ ಬಡಾವಣೆಯ ಸಂಘ ಮದರಾಸಿನಿಂದ ಹಡಗು ಹತ್ತಿ ಮಲಯಕ್ಕೆ ಹೊರಟಿತ್ತು! ಪಿನಾಂಗ್ ಬಂದರಿನಲ್ಲಿ ಹಡಗು ಒಂದೇ ಒಂದು ದಿನ ನಿಲ್ಲುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇಳಿದರೆ ಸಂಜೆ ಆರಕ್ಕೆ ಹಡಗಿನಲ್ಲಿರಬೇಕು. ಊರು ತೋರಿಸಲು ಹಡಗಿನವರದೇ ಬಸ್ಸುಂಟು. ಬೇಡವೆಂದರೆ ನಿಮ್ಮ ಕಾಲು, ನಿಮ್ಮ ದಾರಿ.

"ಒಂಟಿ ಹೆಂಗಸರಿಗೆಲ್ಲ ಬಸ್ಸೇ ಮೇಡಂ," ಎಂದ ಸೇತುರಾಮ ಮೆಲ್ಲಗೆ. "ಬಸ್ಸಿನವರು ತಡವಾದ್ರೆ ಹಡಗು ಕಾಯುತ್ತೆ. ನಡ್ಕೊಂಡು ಹೋದವರಿಗೆ ಕಾಯಲ್ಲ."

"ಕಾಯೋದು ಬೇಡ. ನಾನು ಹೊತ್ತಿಗೆ ಸರಿಯಾಗಿ ಬರ್ತೀನಿ."

"ಸುಮ್ನೆ ಕೂತ್ಕೊ ವಾರಿಜಾ!" ಸಂಘದ ಕಾರ್ಯದರ್ಶಿ ಚಕ್ರಪಾಣಿ ಗುಡುಗಿದರು. ಅವರು ಅವಳ ದೊಡ್ಡಪ್ಪ. ತಂದೆ ಹೋದ ಮೇಲೆ ಅವಳ ಓದು, ಕೆಲಸ, ಸೀರೆಯ ಬಣ್ಣ ಎಲ್ಲಕ್ಕೂ ಅವರದೇ ಅಪ್ಪಣೆ. "ಗೊತ್ತಿಲ್ಲದ ಊರಲ್ಲಿ ಒಬ್ಬಳೇ ತಿರುಗ್ತೀಯಾ?"

ಗೊತ್ತಿಲ್ಲದ ಊರೇ? ಐದು ವರ್ಷದಿಂದ ಕಪ್ಪು ಹಲಗೆಯ ಮೇಲೆ ಪಿನಾಂಗ್ ದ್ವೀಪವನ್ನು ಬರೆದವಳು ಅವಳು. ದ್ವೀಪಕ್ಕೂ ಆಚೆಯ ನೆಲಕ್ಕೂ ನಡುವೆ ಎರಡು ಬೆರಳು ನೀಲಿ ಸೀಮೆಸುಣ್ಣ. ಆ ನೀಲಿಯನ್ನು ಒಮ್ಮೆ ತಾನೇ ದಾಟಬೇಕು... ಯಾರೂ ಕೈ ಹಿಡಿದು ಕರೆದೊಯ್ಯದೆ, ಒಂದೇ ಒಂದು ದಿನ! ಅದನ್ನೂ ಬಿಟ್ಟುಕೊಟ್ಟರೆ ತನಗೆಂದು ಉಳಿಯುವುದೇನು?

ಅವಳು ಮೇಜಿನ ಬಳಿ ಬಂದು ಪೆನ್ನು ಕಿತ್ತುಕೊಂಡಳು. 'ಬಸ್' ಹೊಡೆದು ಹಾಕಿ, 'ನನ್ನ ಹೊಣೆ ನನ್ನದೇ' ಎಂದು ಬರೆದು ಸಹಿ ಮಾಡಿದಳು. ಪೆನ್ನು ಹಿಂದಿರುಗಿಸುವಾಗ ಸೇತುರಾಮ ನಗುತ್ತಿದ್ದನೆಂದು ಅವಳಿಗೆ ಅನಿಸಿತು.

'ಅಬ್ಬಾ, ಕೊಬ್ಬೇ!' ಎಂದುಕೊಂಡಳು ಮನಸ್ಸಿನಲ್ಲೇ.

ಪಿನಾಂಗಿನಲ್ಲಿ ಇಳಿದದ್ದು ಒಂದು ಮಂಗಳವಾರ. ಬಸ್ ಒಂದು ದಿಕ್ಕಿಗೆ ಹೋಯಿತು, ವಾರಿಜಾ ಇನ್ನೊಂದು ದಿಕ್ಕಿಗೆ. ಗಡಿಯಾರದ ಗೋಪುರ ದಾಟಿ, ಹೂ ಮಾರುವ ತಮಿಳು ಹೆಂಗಸಿನ ಹತ್ತಿರ ಮಲ್ಲಿಗೆ ಕೊಂಡು ಮುಡಿದು, ಎರಡು ಸಲ ದಾರಿ ತಪ್ಪಿ, ಮೂರನೆಯ ಸಲ ಬೇಕೆಂದೇ ತಪ್ಪಿದಳು. ಎಷ್ಟು ಹಗುರವಾಗಿತ್ತು ಮನಸ್ಸು!

ಮಧ್ಯಾಹ್ನ ಆಚೆ ದಡಕ್ಕೆ ಹೋಗುವ ದೋಣಿ ಹತ್ತಿದಳು. ಅದೇ ಎರಡು ಬೆರಳು ನೀಲಿ... ಈಗ ಕಾಲಡಿಯಲ್ಲಿತ್ತು. ಕಣ್ಣು ತುಂಬಿ ಬಂತು. ಒರೆಸಿಕೊಂಡು ತಿರುಗಿದರೆ ಹಿಂದಿನ ಬೆಂಚಿನಲ್ಲಿ ಸೇತುರಾಮ! ಎರಡು ಕೈಯಲ್ಲಿ ಎರಡು ಶೀಷೆ ಜಾಯಿಕಾಯಿ ಶರಬತ್ತು.

"ನೀವಾ? ಬೆಳಗಿನಿಂದ ನನ್ನ ಹಿಂದೇನೇ ಇದ್ರಾ?"

"ಹೌದು, ಆದ್ರೆ..."

"ದೊಡ್ಡಪ್ಪ ಕಳಿಸಿದ್ರಾ?"

"ಇಲ್ಲ ಮೇಡಂ, ನಾನು..."

"ಒಂದು ದಿನ! ನನಗೇಂತ ಒಂದೇ ಒಂದು ದಿನ ಕೇಳಿದ್ದೆ. ಅದಕ್ಕೂ ಕಾವಲಾ? ನಿಮ್ಮ ಮಾತೂ ಬೇಡ, ಶರಬತ್ತೂ ಬೇಡ. ಹೋಗಿ!"

ಅವನು ತಲೆ ತಗ್ಗಿಸಿ ದೋಣಿಯ ಇನ್ನೊಂದು ತುದಿಗೆ ಹೋಗಿ ಕೂತ. ಆಮೇಲೆ ಅವಳು ಎರಡು ಸಲ ತಿರುಗಿ ನೋಡಿದಳು. ಯಾಕೆಂದು ಅವಳೇ ಹೇಳಲಾರಳು.

ಐದೂವರೆಗೆ ಅವಳು ಹಡಗಿನಲ್ಲಿದ್ದಳು. ಆರಾಯಿತು. ಆರೂವರೆಯಾಯಿತು. ಬಸ್ ಮಾತ್ರ ಪತ್ತೆಯಿಲ್ಲ! ಕೊನೆಗೆ ಏಳೂಕಾಲಿಗೆ ಬಂತು. ಕಾದು ಕಾದು ಕಪ್ತಾನನ ಮುಖ ಕೆಂಪಾಗಿತ್ತು.

ಊರಿಗೆ ಮರಳಿದ ಎರಡನೆಯ ಭಾನುವಾರ ಸಂಘದ ಹಾಲಿನಲ್ಲಿ ಮತ್ತೆ ಸಭೆ ಸೇರಿತು. ಚಕ್ರಪಾಣಿ ಕನ್ನಡಕ ಏರಿಸಿ ಕಾಗದ ಓದಿದರು. "ಸೇತುರಾಮ ಎಂಬುವರು ಬಸ್ ಬಿಟ್ಟು ಹೋದ ಕಾರಣ ಸಂಘಕ್ಕೆ ಅವಮಾನವಾಯಿತು. ಅವರನ್ನು ಕೆಲಸದಿಂದ ತೆಗೆಯಬೇಕೆಂದು ಅವರ ಕಚೇರಿಗೆ ಬರೆಯತಕ್ಕದ್ದು." ಕಾಗದ ಮಡಿಸಿ ವಾರಿಜಾಳ ಕಡೆ ನೋಡಿದರು. "ಅವನು ಯಾರ ಹಿಂದೆ ಹೋದ ಅಂತ ಎಲ್ಲರಿಗೂ ಗೊತ್ತು. ನೀನೂ ಇದಕ್ಕೆ ಸಹಿ ಮಾಡು. ಇನ್ಮೇಲೆ ಒಬ್ಬಳೇ ಎಲ್ಲೂ ಹೋಗಲ್ಲ ಅಂತ ಕೆಳಗೆ ಬರಿ. ಮನೆ ಮರ್ಯಾದೆ ಉಳಿಯುತ್ತೆ."

ಸಹಿ ಹಾಕಿದರೆ ಮುಗಿಯಿತು, ಅವಳ ದಾರಿ ಶಾಲೆಯಿಂದ ಮನೆಗೆ, ಮನೆಯಿಂದ ಶಾಲೆಗೆ.

"ಮೊದಲು ಅವರು ಹೇಳಲಿ," ಎಂದಳು. "ಯಾರು ಕಳಿಸಿದ್ದು ನಿಮ್ಮನ್ನ?"

ಸಭೆಗೆ ಕರೆಸಿದ್ದರಿಂದ ಬಂದು ಬಾಗಿಲ ಬಳಿ ನಿಂತಿದ್ದ ಸೇತುರಾಮ ಮುಂದೆ ಬಂದ.

"ಯಾರೂ ಇಲ್ಲ. ಬಸ್ ಬಿಟ್ಟಿದ್ದು ನನ್ನ ತಪ್ಪೇ. ಹನ್ನೊಂದು ಸಲ ಆ ಊರಿಗೆ ಹೋಗಿದ್ದೀನಿ ಸಾರ್. ಹನ್ನೊಂದು ಸಲವೂ ಅದೇ ಬಸ್ಸು, ಅದೇ ಗುಡಿ, ಅದೇ ತೋಟ. ಇವರು ಬಸ್ ಅನ್ನೋದನ್ನ ಹೊಡೆದು ಹಾಕಿದ್ರಲ್ಲ... ಅವತ್ತೇ ಅನ್ನಿಸ್ತು, ನಾನ್ಯಾಕೆ ಒಂದು ದಿನಾನೂ ಇಳೀಲಿಲ್ಲ ಅಂತ."

"ಇಳಿದೋನು ಇವಳ ಹಿಂದೆ ಯಾಕೆ ಹೋದೆ?"

"ನಂಗೆ ದಾರಿ ಗೊತ್ತಿರಲಿಲ್ಲ ಸಾರ್. ಇವರಿಗೆ ಗೊತ್ತಿತ್ತು."

ಹಾಲಿನಲ್ಲಿ ನಗು ಎದ್ದಿತು. ವಾರಿಜಾ ಮಾತ್ರ ನಗಲಿಲ್ಲ. ಕಾವಲುಗಾರ ಎಂದು ಬೈದಳಲ್ಲ, ಅವನು ದಾರಿ ಗೊತ್ತಿಲ್ಲದೆ ತನ್ನನ್ನು ನಂಬಿ ಬಂದವನು! ಛೆ... ಒಂದು ಮಾತು ಆಡಲಾದರೂ ಬಿಡಬಾರದಿತ್ತೇ?

ಅವಳು ಎದ್ದು ನಿಂತಳು.

"ದೊಡ್ಡಪ್ಪ, ಬಸ್ ಯಾಕೆ ತಡ ಆಯ್ತು?"

"ರಾಹುಕಾಲ ಇತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ. ಅದು ಕಳೆದ ಮೇಲೇ ಗುಡಿಯಿಂದ ಹೊರಡಿಸಿದೆ."

"ಯಾವ ವಾಚು ನೋಡಿ?"

"ಇದೇ. ಹಡಗಿನಲ್ಲಿ ದಿನಾ ಮುಳ್ಳು ತಿರುಗಿಸಿ ಅಂತಿದ್ರು. ನಾನು ತಿರುಗಿಸ್ಲಿಲ್ಲ. ಪಂಚಾಂಗ ಬೆಂಗಳೂರಿಂದು, ವಾಚೂ ಬೆಂಗಳೂರಿಂದೇ ಇರಬೇಕಲ್ವೆ?"

"ಪಿನಾಂಗಿನಲ್ಲಿ ನಮಗಿಂತ ಎರಡು ಗಂಟೆ ಮುಂದೆ, ದೊಡ್ಡಪ್ಪ. ನೀವು ಮೂರು ಅಂದಾಗ ಅಲ್ಲಿ ಐದು. ನಾಲ್ಕೂವರೆಗೆ ಎದ್ದಾಗ ಆರೂವರೆ! ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಸಾಕಾದ ಅಂತ ಹೆಂಗಸರೆಲ್ಲ ಹೇಳ್ತಿದ್ರು."

ಹಿಂದಿನ ಸಾಲಿನ ಹೆಂಗಸರು ಹೌದು ಹೌದು ಎಂದರು. ಚಕ್ರಪಾಣಿ ವಾಚನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡರು.

"ಹಡಗನ್ನ ಕಾಯಿಸಿದ್ದು ಒಂಟಿಯಾಗಿ ಹೋದ ನಾನಲ್ಲ. ಈ ಕಾಗದಕ್ಕೆ ನಾನು ಸಹಿ ಹಾಕಲ್ಲ. ಒಬ್ಬಳೇ ಹೋಗಲ್ಲ ಅಂತಾನೂ ಬರೆಯಲ್ಲ. ಬೇಕಾದ್ರೆ ಮನೆ ಬಿಟ್ಟು ಹೋಗು ಅನ್ನಿ, ಹೋಗ್ತೀನಿ. ದಾರಿ ಹುಡುಕೋದು ನನಗೆ ಬರುತ್ತೆ."

ಹಾಗೆಂದು ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ಅಶೋಕ ಕಂಬದ ಹತ್ತಿರ ಬಂದಾಗ ಹಿಂದೆ ಹೆಜ್ಜೆ ಕೇಳಿಸಿತು. ಈ ಸಲ ಕೋಪ ಬರಲಿಲ್ಲ.

"ಮತ್ತೆ ದಾರಿ ಗೊತ್ತಿಲ್ವಾ?" ಎಂದಳು ತಿರುಗದೆಯೇ.

"ಇದು ಗೊತ್ತು. ಆದ್ರೂ ನಿಮ್ಮ ಹಿಂದೇನೇ ಬರೋಣ ಅನ್ನಿಸ್ತು."

"ಕಾಗದ?"

"ನಿಮ್ಮ ದೊಡ್ಡಪ್ಪ ಹರಿದು ಹಾಕಿದ್ರು. ವಾಚು ಬಿಚ್ಚಿ ನೋಡ್ತಾ ಕೂತಿದ್ದಾರೆ." ಅವನು ಎರಡು ಹೆಜ್ಜೆ ಹತ್ತಿರ ಬಂದ. "ಬಸ್ ಬಿಟ್ಟಿದ್ದನ್ನ ಆಫೀಸಿಗೆ ನಾನೇ ಬರೀತೀನಿ. ಕೆಲಸ ಉಳಿಯುತ್ತೋ ಇಲ್ವೋ..."

ಅವಳು ತಿರುಗಿ ನಿಂತಳು. ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು.

"ಅವತ್ತು ಪೆನ್ನು ಕೊಟ್ಟಾಗ ನಕ್ಕಿದ್ರಿ."

"ಖುಷಿಗೆ ನಕ್ಕೆ."

"ಆ ಶರಬತ್ತು ಏನಾಯ್ತು?"

"ಎರಡೂ ನಾನೇ ಕುಡಿದೆ. ಸಖತ್ ನಿದ್ದೆ ಬಂತು!"

ವಾರಿಜಾ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಬೈದ ಮೇಲೂ ಎರಡು ಸಲ ತಿರುಗಿ ನೋಡಿದೆ," ಎಂದಳು. "ಹೋಗಿಬಿಟ್ರೇನೋ ಅಂತ ಭಯ ಆಯ್ತು."

ಅವನ ದನಿ ಬಹಳ ಸಣ್ಣದಾಗಿ ಬಂತು.

"ವಾರಿಜಾ... ಮುಂದಿನ ಊರಿಗೂ ನಾನು ಬರ್ಲಾ? ಹಿಂದೆ ಅಲ್ಲ, ಜೊತೆಗೆ. ಜನ್ಮಪೂರ್ತಿ."

"ಬಸ್ ಹತ್ತಲ್ಲ ನಾನು."

"ಬೇಡ."

"ಬೇಗ ನಡೀತೀನಿ."

"ನಾನು ಸ್ವಲ್ಪ ನಿಧಾನ... ನಡ್ಕೊಂಡು ಹೋದವರಿಗೆ ಹಡಗು ಕಾಯಲ್ವಲ್ಲ."

"ಹಡಗು ಹೋದ್ರೆ ಹೋಗ್ಲಿ. ನಾನು ಕಾಯ್ತೀನಿ."

"ಯಾವ ಗಂಟೆ ಪ್ರಕಾರ? ಬೆಂಗಳೂರಿಂದೋ, ಪಿನಾಂಗಿಂದೋ?"

ಅವಳು ಒಂದು ಹೆಜ್ಜೆ ವಾಪಸ್ ಬಂದು ಅವನ ಪಕ್ಕದಲ್ಲಿ ನಿಂತಳು.

"ಯಾವುದು ಜಾಸ್ತಿ ಹೊತ್ತೋ, ಅದರ ಪ್ರಕಾರ."