ಥಿಂಗ್ ಸೇರಿದ ಮಧ್ಯಾಹ್ನ

“ಆ ಥಿಂಗ್ ನಂದು. ಮೊದಲು ನೋಡಿದ್ದು ನಾನು.”

“ನೋಡಿದ್ರೆ ಆಯ್ತಾ? ನೀರಿಗಿಳಿದು ತಂದಿದ್ದು ನಾನು ಕಣೇ.”

ಬೆಲ್ ಹೊಡೆದಿತ್ತು. ಆದರೂ ಓಸ್ಲಾ ಮತ್ತು ಅವಳ ಕ್ಲಾಸಿನ ಹುಡುಗ ರಾಸ್ಮಿ ಬಾಗಿಲಲ್ಲೇ ನಿಂತು ಎಳೆದಾಡುತ್ತಿದ್ದರು. ಇಬ್ಬರ ಕೈಗಳ ನಡುವೆ ಒಳಗೆ ಟೊಳ್ಳಾದ, ಹಸಿರು ಗಾಜಿನ ದೊಡ್ಡ ಗುಂಡು. ಹಿಂದೆ ಮೀನುಗಾರರು ಬಲೆ ಮುಳುಗದಿರಲಿ ಎಂದು ಕಟ್ಟುತ್ತಿದ್ದರಲ್ಲ, ಅದು. ಶನಿವಾರದ ಬಿರುಗಾಳಿ ಅದನ್ನು ಎಲ್ಲಿಂದಲೋ ಹೊತ್ತು ಶೆಟ್ಲೆಂಡ್ ದ್ವೀಪದ ದಡಕ್ಕೆ ತಂದಿತ್ತು.

ಇಸ್ಬಿಸ್ಟರ್ ಟೀಚರ್ ಗುಂಡನ್ನು ಮೆಲ್ಲಗೆ ಬಿಡಿಸಿಕೊಂಡರು. “ಥಿಂಗ್‌ಗೋಸ್ಕರ ಜಗಳ ಅಲ್ವಾ? ಹಾಗಾದ್ರೆ ಊಟದ ಹೊತ್ತಿಗೆ ಥಿಂಗ್ ಸೇರಿಸೋಣ.”

ಕ್ಲಾಸೆಲ್ಲ ನಕ್ಕಿತು. “ಥಿಂಗ್ ಅಂದ್ರೆ ವಸ್ತು ಅಲ್ವಾ ಮಿಸ್? ಅದನ್ನ ಸೇರಿಸೋದು ಹೇಗೆ?” ಎಂದಳು ಓಸ್ಲಾ.

“ಈಗ ವಸ್ತು. ಮೊದಲು ಅದರರ್ಥ ಸಭೆ. ಊರವರೆಲ್ಲ ಒಂದು ಕಡೆ ಕೂತು ಜಗಳ ಬಗೆಹರಿಸ್ತಿದ್ರು. ಬರ್ತಾ ಬರ್ತಾ ಆ ಸಭೆಯಲ್ಲಿ ಮಾತಾಡೋ ವಿಷಯಕ್ಕೂ ಥಿಂಗ್ ಅಂದ್ರು. ಕೊನೆಗೆ ಕಣ್ಣಿಗೆ ಕಂಡಿದ್ದೆಲ್ಲ ಥಿಂಗ್ ಆಯ್ತು. ನಮ್ಮ ಟಿಂಗ್‌ವಾಲ್ ಇದೆಯಲ್ಲ, ಅದೇ ಹಳೇ ಕಾಲದ ಥಿಂಗ್ ಸೇರ್ತಿದ್ದ ಬಯಲು.”

“ಅಲ್ಲಿ ನಮ್ಮಜ್ಜಿ ಮನೆ ಇದೆ ಮಿಸ್” ಎಂದ ಪುಟ್ಟ ಲೌರಿ, ತನ್ನಜ್ಜಿಯೇ ಥಿಂಗ್ ಕಟ್ಟಿದವರಂತೆ.

“ಆ ಸಭೆಯಲ್ಲಿ ಯಾರದಾದ್ರೂ ಮಾತು ಒಪ್ಪಿಗೆ ಆದವರು ಆಯುಧ ಬಡಿದು ಸದ್ದು ಮಾಡ್ತಿದ್ರು” ಎಂದರು ಟೀಚರ್. “ನೀವು ಲಂಚ್ ಬಾಕ್ಸ್ ಬಡೀರಿ, ಸಾಕು.”

ಮಧ್ಯಾಹ್ನ ಎಲ್ಲರೂ ಶಾಲೆಯ ಹಿಂದಿನ ದಿಬ್ಬಕ್ಕೆ ಓಡಿದರು. ಯಾರಿಗೂ ಊಟದ ನೆನಪಿರಲಿಲ್ಲ. ಗುಂಡನ್ನು ಹುಲ್ಲಿನ ಮೇಲಿಟ್ಟು ಸುತ್ತ ಕೂತರು.

“ಬಂಡೆ ಮೇಲಿಂದ ನೋಡಿದ್ದು ನಾನು. ತೋರಿಸಿದ್ದೂ ನಾನೇ. ಇಲ್ದಿದ್ರೆ ಇವನಿಗೆ ಗೊತ್ತೇ ಆಗ್ತಿರಲಿಲ್ಲ” ಎಂದಳು ಓಸ್ಲಾ. ಅರ್ಧ ಬಾಕ್ಸ್‌ಗಳು ಟಕಟಕ ಸದ್ದು ಮಾಡಿದವು.

ರಾಸ್ಮಿ ಎದ್ದ. “ಅಲೆ ಬರದ ಜಾಗಕ್ಕೆ ಎಳೆದು ಹಾಕಿದವರಿಗೇ ಅದು ಸೇರೋದು. ಎಲ್ರಿಗೂ ಗೊತ್ತು. ನೀರು ಎದೆವರೆಗೂ ಬಂತು. ಒಂದು ಬೂಟು ಹೋಯ್ತು. ಅಮ್ಮನ ಹತ್ರ ಬೈಸ್ಕೊಂಡೆ.”

ಉಳಿದರ್ಧ ಬಾಕ್ಸ್‌ಗಳು ಸದ್ದು ಮಾಡಿದವು.

ಲೌರಿ ಕೈಯೆತ್ತಿದ. “ಓಸ್ಲಾ, ಅವನು ನೀರಲ್ಲಿದ್ದಾಗ ನೀನೇನು ಮಾಡ್ತಿದ್ದೆ?”

ಓಸ್ಲಾ ಏನು ಹೇಳಿದರೂ ನಡೆಯುತ್ತಿತ್ತು. ಆವತ್ತು ದಡದಲ್ಲಿ ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

“ಕೂಗ್ತಿದ್ದೆ.”

“ಏನಂತ?”

“ಬಿಟ್ಬಿಡೋ, ಹೋದ್ರೆ ಹೋಗ್ಲಿ, ವಾಪಸ್ ಬಾ ಅಂತ.”

ರಾಸ್ಮಿ ತಟ್ಟನೆ ಅವಳತ್ತ ತಿರುಗಿದ. “ನಂಗೆ ಕೇಳಿಸಲೇ ಇಲ್ಲ.”

ಯಾವ ಬಾಕ್ಸೂ ಸದ್ದು ಮಾಡಲಿಲ್ಲ. ಓಸ್ಲಾ ಗುಂಡನ್ನೇ ನೋಡಿದಳು. ಅಲೆ ರಾಸ್ಮಿಯ ತಲೆ ಮುಚ್ಚಿದ ಆ ಗಳಿಗೆಯಲ್ಲಿ ಅವಳಿಗೆ ಇದು ಬೇಕೇ ಇರಲಿಲ್ಲ. ಅವಳು “ರಾಸ್ಮಿಗೇ ಇರ್ಲಿ” ಎಂದು ತನ್ನ ಬಾಕ್ಸ್ ಎತ್ತಿಕೊಂಡು, ಮುಚ್ಚಳದ ಮೇಲೆ ಚಮಚದಿಂದ ಬಡಿಯತೊಡಗಿದಳು. ಉಳಿದವರೂ ಬಡಿದರು. ಅಡುಗೆಮನೆಯವರು ಕಿಟಕಿಯಿಂದ ಇಣುಕಿ ನೋಡುವಷ್ಟು ಸದ್ದು.

ವಾಪಸ್ ಬರುವಾಗ ರಾಸ್ಮಿ ಗುಂಡನ್ನು ಜಾಕೆಟ್ಟಿನಲ್ಲಿ ಸುತ್ತಿಕೊಂಡಿದ್ದ.

“ತುಂಬಾ ಜೋರಾಗಿ ಕೂಗಿದ್ಯಾ?”

“ಇನ್ನೂ ಗಂಟಲು ನೋಯ್ತಿದೆ.”

ಯಾವಾಗಲೂ ಮುಂದೆ ಓಡುವ ರಾಸ್ಮಿ ಇವತ್ತು ಅವಳ ಪಕ್ಕದಲ್ಲೇ ನಿಧಾನವಾಗಿ ನಡೆದ. ಓಸ್ಲಾಗೆ ಆಗ ಹೊಟ್ಟೆ ಹಸಿದದ್ದು ಗೊತ್ತಾಯಿತು.